ಮಂತ್ರಿಗಳನ್ನು ಕೇಳುವವರು ಯಾರು?

ವಿರೋಧ ಪಕ್ಷದವರು ಸಭಾತ್ಯಾಗ ಮಾಡಿದರೆಂಬ ಸುದ್ದಿ ಓದಿದಾಗ ನಮ್ಮಲ್ಲಿ ಬಹುಮಂದಿಗೆ ಏನೋ ಒಂದು ಸಮಾಧಾನ. ‘ಭೇಷ್, ಸರಕಾರಕ್ಕೆ ಸರಿಯಾಗಿ ಬುದ್ಧಿ ಕಲಿಸಿದರು’ ಎಂದು ಪತ್ರಿಕೆ ಮಡಚಿ ಲೋಕಲ್ ಹಿಡಿಯಲು ಹೊರಡುತ್ತೇವೆ. ಆದರೆ ಬುದ್ಧಿ ಕಲಿತವರು ಯಾರು? ಎದ್ದು ಹೋದವನ ಬೆನ್ನು ಕಂಡೊಡನೆ ಮಂತ್ರಿ ಮಹೋದಯರು ಎದುರಿಗಿದ್ದ ಕಡತ ಮುಚ್ಚಿ ಚಹಾಕ್ಕೆ ಹೇಳಿಕಳುಹಿಸುತ್ತಾರೆ. ಬಾಯಿಬಿಟ್ಟು ಉತ್ತರಿಸಬೇಕಾಗಿದ್ದ ಪ್ರಶ್ನೆ, ಇಲಾಖೆಯ ಗುಮಾಸ್ತರು ಬರೆದುಕೊಟ್ಟ ನಾಲ್ಕು ಸಾಲಿನ ಕಾಗದವಾಗಿ ಸದನದ ಮೇಜಿನ ಮೇಲೆ ಬೀಳುತ್ತದೆ. ಅಲ್ಲಿಗೆ ಕತೆ ಮುಗಿಯಿತು.

ವಿರೋಧ ಪಕ್ಷದವನ ಕೈಯಲ್ಲಿರುವ ನಿಜವಾದ ಆಯುಧ ಒಂದೇ, ಪ್ರಶ್ನೆ. ಅದನ್ನು ಒಂದು ಕಡೆಯಿಂದ ಸರಕಾರ ಮೊಂಡು ಮಾಡುತ್ತಿದೆ, ಇನ್ನೊಂದು ಕಡೆಯಿಂದ ಅವನೇ ಎಸೆದು ಬರುತ್ತಿದ್ದಾನೆ. ಇದರಿಂದ ಎಲ್ಲರಿಗಿಂತ ಹೆಚ್ಚು ಹಾನಿಯಾಗುವುದು ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ಚದುರಿಕೊಂಡು ಯಾವ ಪಕ್ಷದ ಲೆಕ್ಕದಲ್ಲೂ ಹಿಡಿಯದೆ ಬಾಳುತ್ತಿರುವ ನಮ್ಮಂಥವರಿಗೆ. ರಾಜಕೀಯ ನಮಗೇಕೆ, ನಮ್ಮ ಪಾಡಿಗೆ ನಾವಿರೋಣ ಎನ್ನುವ ಹಿರಿಯರು ನಮ್ಮ ಸಂಘದಲ್ಲಿ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿಯೇ.

ತಾಳಮದ್ದಳೆ ಕೇಳಿದವರಿಗೆ ಪ್ರಶ್ನೆಯ ಬೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಾಲಿವಧೆಯ ಪ್ರಸಂಗ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು, ನೆಲಕ್ಕೊರಗಿದ ವಾಲಿ ಕೇಳುತ್ತಾನೆ: ನಾನು ನಿನಗೇನು ಅಪಚಾರ ಮಾಡಿದ್ದೆ? ಎದುರು ನಿಂತು ಯಾಕೆ ಹೊಡೆಯಲಿಲ್ಲ? ರಾಮ ಒಂದು ಉತ್ತರ ಕೊಟ್ಟರೆ ಆ ಉತ್ತರದ ಹೊಟ್ಟೆಯಿಂದಲೇ ವಾಲಿ ಮತ್ತೊಂದು ಪ್ರಶ್ನೆ ತೆಗೆಯುತ್ತಾನೆ. ರಾಮ ದೇವರೆಂದು ಗೊತ್ತಿದ್ದ ಸಭಿಕರು ಕೂಡ, ಈಗ ರಾಮನ ಅರ್ಥಧಾರಿ ಏನು ಹೇಳುತ್ತಾನೋ ಎಂದು ನಿದ್ದೆಗೆಟ್ಟು ಕೂತಿರುತ್ತಾರೆ. ವಾಲಿಯ ಅರ್ಥಧಾರಿ ಪ್ರಶ್ನೆಯನ್ನೇ ಬಿಟ್ಟು ಭಾಗವತರ ಜಾಗಟೆ ಕಿತ್ತುಕೊಂಡು ಬಡಿಯತೊಡಗಿದರೆ ಹೇಗಿದ್ದೀತು? ಆ ರಾತ್ರಿ ರಾಮನಷ್ಟು ನಿಶ್ಚಿಂತನಾದವನು ಇನ್ನೊಬ್ಬನಿರಲಾರ. ಇಂದು ನಮ್ಮ ಶಾಸನಸಭೆಗಳಲ್ಲಿ ನಡೆಯುತ್ತಿರುವುದು ಜಾಗಟೆ ಬಡಿಯುವ ಕೆಲಸ.

ಸದನದ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಮಂತ್ರಿ ಎದ್ದು ನಿಂತು ಬಾಯಿಯಿಂದಲೇ ಉತ್ತರಿಸಬೇಕಾದದ್ದು. ನಮ್ಮ ನೆರೆಮನೆಯ ಮರಾಠಿ ಪತ್ರಿಕೆಯಲ್ಲಿ ‘ತಾರಾಂಕಿತ ಪ್ರಶ್ನ’ ಎಂದು ಬರುವುದು ಇದೇ. ದಿನಕ್ಕೆ ಇಂಥ 20 ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ, ಗಂಟೆ ಮುಗಿಯುವುದರೊಳಗೆ ಸಾಮಾನ್ಯವಾಗಿ ಬೆರಳೆಣಿಕೆಯಷ್ಟನ್ನೇ ಮುಟ್ಟಲಾಗುತ್ತದೆ. ಚುಕ್ಕೆ ಇಲ್ಲದ 230 ಪ್ರಶ್ನೆಗಳಿಗೆ ಬರಹದ ಉತ್ತರ. ಚುಕ್ಕೆ ಪ್ರಶ್ನೆಯ ಜೀವ ಇರುವುದು ಅದರ ಹಿಂದೆ ಬರುವ ಉಪಪ್ರಶ್ನೆಯಲ್ಲಿ. ಮೊದಲ ಉತ್ತರವನ್ನು ಇಲಾಖೆ ಬರೆದುಕೊಡುತ್ತದೆ. ಉಪಪ್ರಶ್ನೆ ಏನೆಂದು ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಮಂತ್ರಿಗೆ ವಿಷಯ ತಿಳಿದಿದೆಯೋ ಇಲ್ಲವೋ ಎಂಬುದು ಬಯಲಾಗುವುದು ಅಲ್ಲಿ.

ಇಂಗ್ಲಿಷರಿಗೂ ಇದರ ಭಯ ಚೆನ್ನಾಗಿ ಗೊತ್ತಿತ್ತು. 1892ರ ಕಾಯಿದೆಯಲ್ಲಿ ಭಾರತೀಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟರು, ಉಪಪ್ರಶ್ನೆಯ ಹಕ್ಕು ಕೊಡಲಿಲ್ಲ. 1909ರಲ್ಲಿ ಮೂಲ ಪ್ರಶ್ನೆ ಕೇಳಿದವನಿಗಷ್ಟೇ ಆ ಹಕ್ಕು ದೊರೆಯಿತು. ಅದಕ್ಕೂ ಮೊದಲು, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ 144 ಮಂದಿ ಸದಸ್ಯರು ಬಂದಿದ್ದರು. ಕಾಯಿದೆ ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಆದರೂ ದಿವಾನರ ಎದುರಿಗೆ ನಿಂತು ತಮ್ಮ ಸೀಮೆಯ ಕಷ್ಟವನ್ನು ಹೇಳಿಕೊಳ್ಳುವ ಅವಕಾಶ ದೊರೆತದ್ದನ್ನೇ ಜನ ದೊಡ್ಡದೆಂದು ಭಾವಿಸಿದರು. ಸ್ವಾತಂತ್ರ್ಯ ಬಂದ ಮೇಲೆ ದೊರೆತ ಪೂರ್ಣ ಹಕ್ಕನ್ನು ನಾವು ಕಾಸಿನ ಬೆಲೆಗೂ ಎಣಿಸದೆ ಕೂತಿದ್ದೇವೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಮಹಾರಾಷ್ಟ್ರ ವಿಧಾನಸಭೆಯಲ್ಲಿ 288 ಸ್ಥಾನ, ಸರಕಾರ ನಡೆಸಲು 145 ಬೇಕು. ಒಂದು ಕಾಯಿದೆ ಬೇಕಾದರೆ ಬಹುಮತ ಬೇಕು, ಒಂದು ಅನುದಾನ ಬೇಕಾದರೆ ಮಂತ್ರಿಯ ಕೃಪೆ ಬೇಕು. ಕನ್ನಡಿಗರು ಒಂದು ಕ್ಷೇತ್ರದಲ್ಲಾದರೂ ಯಾರನ್ನೂ ತಾವೇ ಗೆಲ್ಲಿಸುವಷ್ಟು, ಸೋಲಿಸುವಷ್ಟು ಇಲ್ಲ. ಆದ್ದರಿಂದ ನಮ್ಮ ಮತಕ್ಕೆ ಬೆಲೆಯಿಲ್ಲವೆಂದು ಕೊರಗುತ್ತೇವೆ. ಆದರೆ ಒಂದು ಪ್ರಶ್ನೆಗೆ ಎಷ್ಟು ಸದಸ್ಯರು ಬೇಕು? ಒಬ್ಬನೇ ಒಬ್ಬ. ಅವನು ಆಳುವ ಪಕ್ಷದವನಾಗಿರಬಹುದು, ಪಕ್ಷೇತರನಾಗಿರಬಹುದು, ನಮ್ಮ ಕ್ಷೇತ್ರದವನೇ ಆಗಬೇಕೆಂದೂ ಇಲ್ಲ. ಶಾಸನಸಭೆಯ ಇಡೀ ವ್ಯವಸ್ಥೆಯಲ್ಲಿ ತಲೆಯೆಣಿಕೆಯನ್ನು ಕೇಳದ ಭಾಗ ಇದೊಂದೇ. ಅಲ್ಪಸಂಖ್ಯಾತನ ಪಾಲಿಗೆ ಮತಕ್ಕಿಂತ ಪ್ರಶ್ನೆ ದೊಡ್ಡದು.

ಪ್ರಶ್ನೆ ಕೇಳಿ ಏನಾದೀತು, ಗುಡ್ಡ ಕರಗೀತೇ ಎಂದು ಮೂಗು ಮುರಿಯುವವರಿಗೆ ಒಂದು ಹಳೆಯ ಕತೆ ಹೇಳಬೇಕು. 1957ರಲ್ಲಿ ಜೀವವಿಮಾ ನಿಗಮ ಹರಿದಾಸ ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರುಗಳನ್ನು ಒಂದು ಕಾಲು ಕೋಟಿ ರೂಪಾಯಿಯ ಆಸುಪಾಸಿಗೆ ಕೊಂಡಿತು. ನಿಗಮದ ಹಣವೆಂದರೆ ಬಡ ಗುಮಾಸ್ತರು ತಿಂಗಳು ತಿಂಗಳು ಕಟ್ಟಿದ ಪ್ರೀಮಿಯಂ ಹಣ. ಲೋಕಸಭೆಯಲ್ಲಿ ಪ್ರಶ್ನೆ ಬಂತು, ಹಾರಿಕೆಯ ಉತ್ತರ ಬಂತು. ಆ ಉತ್ತರವನ್ನು ಬಿಡದೆ ಹಿಡಿದವರು ಫಿರೋಜ್ ಗಾಂಧಿ. ಅವರು ವಿರೋಧ ಪಕ್ಷದವರಲ್ಲ, ಪ್ರಧಾನಿ ನೆಹರೂ ಅವರ ಅಳಿಯ. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರ ವಿಚಾರಣಾ ಆಯೋಗ ಕೂತಿತು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಒಂದು ಕಲ್ಲು ತೂರಲಿಲ್ಲ, ಒಂದು ಬಸ್ಸು ಸುಡಲಿಲ್ಲ.

ಇದೇ ಕೃಷ್ಣಮಾಚಾರಿಯವರು 1951ರಲ್ಲಿ ಇನ್ನೊಂದು ವಿಚಾರಣಾ ಸಮಿತಿಯ ಅಧ್ಯಕ್ಷರಾಗಿದ್ದರು. ಮುಂಬಯಿಯಿಂದ ಆಗಿನ ತಾತ್ಕಾಲಿಕ ಸಂಸತ್ತಿಗೆ ಹೋಗಿದ್ದ ಎಚ್.ಜಿ. ಮುದಗಲ್ ಎಂಬವರು ಇಲ್ಲಿನ ಚಿನ್ನಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅವರ ಪರವಾಗಿ ಪ್ರಶ್ನೆ ಕೇಳಿದರೆಂಬ ಆಪಾದನೆ. ಸಮಿತಿ ಅದನ್ನು ನಿಜವೆಂದಿತು, ಸದನ ಹೊರಹಾಕುವ ಮೊದಲೇ ಅವರು ರಾಜೀನಾಮೆ ಬರೆದಿತ್ತರು. ಹುಚ್ಚೇಶ್ವರ ಗುರುಸಿದ್ಧ ಎಂಬ ಪೂರ್ಣ ಹೆಸರು ನೋಡಿದರೆ ಅವರು ಯಾವ ಸೀಮೆಯವರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಭಿಮಾನಪಡಲು ನಮಗೆ ಬೇರೆ ಕನ್ನಡಿಗರು ಸಾಕಷ್ಟಿದ್ದಾರೆ. ಮತ್ತೆ 2005ರ ಡಿಸೆಂಬರಿನಲ್ಲಿ ಹಣಕ್ಕಾಗಿ ಪ್ರಶ್ನೆ ಕೇಳಿದ 11 ಮಂದಿ ಸಂಸದರನ್ನು ಹೊರಗಟ್ಟಲಾಯಿತು. ಆದರೆ ವ್ಯಾಪಾರಿಗಳು ಕಾಸು ಕೊಟ್ಟು ಪ್ರಶ್ನೆ ಕೇಳಿಸಿದರೆಂದರೆ ಅರ್ಥವೇನು? ಪ್ರಶ್ನೆಯಿಂದ ಪ್ರಯೋಜನವಿದೆಯೆಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿರುವುದು ನಮಗೆ, ಕಾಸಿಲ್ಲದೆ ಕೇಳಿಸಬಹುದಾದವರಿಗೆ.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಹೆಸರಾದವರು ಶಾಂತವೇರಿ ಗೋಪಾಲಗೌಡರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತು, 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿಯಾಗಿ ಗೆದ್ದು ಮೈಸೂರು ವಿಧಾನಸಭೆಗೆ ಬಂದರು. ಆಮೇಲೆ ತೀರ್ಥಹಳ್ಳಿಯಿಂದ 1962ರಲ್ಲಿ, 1967ರಲ್ಲಿ. ಕೂತದ್ದು ಯಾವಾಗಲೂ ಎದುರು ಸಾಲಿನಲ್ಲಿ. ಒಂದು ದಿನವೂ ಮಂತ್ರಿಯಾಗಲಿಲ್ಲ. ಕೇಳಿದ್ದನ್ನೇ ಕೇಳಿದರು: ಉಳುವವನಿಗೆ ಹೊಲ ಯಾವಾಗ? 1972ರ ಜೂನ್ 9ರಂದು, ಐವತ್ತೂ ತುಂಬದೆ, ತೀರಿಕೊಂಡರು. ಭೂಸುಧಾರಣೆಯ ಹೊಸ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರಕಾರದಲ್ಲಿ. ಕಾಯಿದೆ ಮಾಡಿದ ಕೀರ್ತಿ ಅರಸರಿಗೆ ಸಲ್ಲಬೇಕು, ಸಂದಿದೆ. ಆದರೆ ಇಪ್ಪತ್ತು ವರ್ಷ ಆ ಪ್ರಶ್ನೆಯನ್ನು ಆರದಂತೆ ಕಾಪಾಡಿದವರು ಎದುರು ಸಾಲಿನವರು.

ಈ ಕಾಯಿದೆ ನಮಗೆ ದೂರದ ಮಾತಲ್ಲ. ಈ ಪತ್ರಿಕೆ ಓದುವ ದಕ್ಷಿಣ ಕನ್ನಡದ ಮನೆಗಳಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದವರ ಮಕ್ಕಳೂ ಇದ್ದಾರೆ, ಡಿಕ್ಲರೇಶನ್ ಆಗಿ ಭೂಮಿ ಕಳೆದುಕೊಂಡು ಮುಂಬಯಿ ಬಸ್ಸು ಹತ್ತಿದವರ ಮಕ್ಕಳೂ ಇದ್ದಾರೆ. ಇಬ್ಬರೂ ಈಗ ಡೊಂಬಿವಲಿಯ ಒಂದೇ ಸೊಸೈಟಿಯಲ್ಲಿ ಒಂದೇ ಟ್ಯಾಂಕಿಯ ನೀರು ಕುಡಿಯುತ್ತಿದ್ದಾರೆ. ಗೋಪಾಲಗೌಡರನ್ನು ಒಬ್ಬರು ಹರಸಿಯಾರು, ಇನ್ನೊಬ್ಬರು ಶಪಿಸಿಯಾರು. ಒಂದು ಪ್ರಶ್ನೆಯಿಂದ ಎರಡು ಮನೆಗಳ ಹಣೆಬರಹ ಬದಲಾಯಿತೆಂಬುದನ್ನು ಇಬ್ಬರೂ ಅಲ್ಲಗಳೆಯುವಂತಿಲ್ಲ.

ಕೊಂಕಣ ರೈಲಿನ ಕತೆ ಇದಕ್ಕಿಂತಲೂ ಸ್ವಾರಸ್ಯದ್ದು. ಊರಿಗೆ ಹೋಗಬೇಕಾದರೆ ಎರಡು ದಿನ ಬಸ್ಸಿನಲ್ಲಿ ಮೈ ನುಗ್ಗಾಗಿಸಿಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕರಾವಳಿಗೆ ರೈಲು ಬೇಕೆಂದು ಲೋಕಸಭೆಯಲ್ಲಿ ವರ್ಷಗಟ್ಟಲೆ ಒತ್ತಾಯಿಸಿದವರು ರಾಜಾಪುರ ಕ್ಷೇತ್ರದ ಬ್ಯಾರಿಸ್ಟರ್ ನಾಥ್ ಪೈ. 1957ರಿಂದ 1971ರಲ್ಲಿ ತೀರಿಕೊಳ್ಳುವವರೆಗೂ ವಿರೋಧ ಪಕ್ಷದಲ್ಲೇ ಇದ್ದರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂದು ವಾದಿಸಿದವರೂ ಅವರೇ, ಆ ವಿಷಯದಲ್ಲಿ ಅವರ ಮಾತನ್ನು ನಾವು ಎಂದಿಗೂ ಒಪ್ಪುವಂತಿಲ್ಲ. ಆದರೂ ಅವರು ಕೇಳಿದ ರೈಲಿನಲ್ಲಿ ನಾವು ಊರಿಗೆ ಹೋಗುತ್ತೇವೆ. ಅವರ ನಂತರ ಅದೇ ಕ್ಷೇತ್ರದಿಂದ ಮಧು ದಂಡವತೆ ಬಂದರು, 1977ರಲ್ಲಿ ರೈಲ್ವೆ ಮಂತ್ರಿಯೂ ಆದರು. ಮಂಗಳೂರಲ್ಲಿ ಹುಟ್ಟಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ದೇಶವನ್ನೇ ಬೆಚ್ಚಿಬೀಳಿಸಿದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ವಿರೋಧ ಪಕ್ಷದಲ್ಲಿ ಕೂತು ಕೇಳಿದವರೇ ಮುಂದೆ ಮಂತ್ರಿಗಳಾಗಿ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು.

ನಮ್ಮ ಈ ಭಾಗದಲ್ಲೂ ಅಂಥವರಿದ್ದರು. ನೀರಿಗಾಗಿ ಹೋರಾಡಿ ‘ಪಾಣಿವಾಲಿ ಬಾಯಿ’ ಎನಿಸಿಕೊಂಡ ಮೃಣಾಲ್ ಗೋರೆ ಗೋರೆಗಾಂವಿನವರು. ಥಾಣೆ ಕ್ಷೇತ್ರದಿಂದ 1977ರಲ್ಲಿ, 1980ರಲ್ಲಿ ಲೋಕಸಭೆಗೆ ಹೋದ ರಾಮಭಾವು ಮ್ಹಾಳಗಿಯವರು ವರ್ಷದಲ್ಲಿ ತಾವು ಮಾಡಿದ್ದೇನೆಂದು ಮತದಾರರಿಗೆ ಲೆಕ್ಕ ಒಪ್ಪಿಸುತ್ತಿದ್ದರು. ಭಾಯಂದರ್ ಸಮೀಪದ ಉತ್ತನ್‌ನಲ್ಲಿ ಅವರ ಹೆಸರಿನ ಸಂಸ್ಥೆ ಜನಪ್ರತಿನಿಧಿಗಳಿಗೆ ತರಬೇತಿ ಕೊಡುತ್ತಿದೆ. ಇಂದು ನಮ್ಮ ಬಾಗಿಲಿಗೆ ಬರುವ ಪ್ರತಿನಿಧಿಗಳ ವರ್ಷದ ಲೆಕ್ಕವೆಲ್ಲ ಹುಟ್ಟುಹಬ್ಬದ ಫಲಕಗಳಲ್ಲಿ ಇರುತ್ತದೆ.

ಈಗ ಈ ಆಯುಧವನ್ನು ಮೊಂಡು ಮಾಡುತ್ತಿರುವ ಬಗೆ ನೋಡಿ. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣವೊಡ್ಡಿ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ರದ್ದು ಮಾಡಿ, ಬರಹದ ಉತ್ತರವನ್ನಷ್ಟೇ ಉಳಿಸಿದರು. ಮಸೂದೆಗಳು ಮಾತ್ರ ಆ ಅಧಿವೇಶನದಲ್ಲಿ ಸರಾಗವಾಗಿ ಪಾಸಾದವು. ಸಾಂಕ್ರಾಮಿಕ ರೋಗ ಉಪಪ್ರಶ್ನೆಯಿಂದ ಹರಡುತ್ತದೆ, ಮಸೂದೆಯಿಂದ ಹರಡುವುದಿಲ್ಲ ಎಂದು ತಿಳಿಯಬೇಕೇನೋ! 2023ರ ಡಿಸೆಂಬರ್ 13ರಂದು ಲೋಕಸಭೆಯೊಳಗೆ ಇಬ್ಬರು ನುಗ್ಗಿ ಹೊಗೆ ಬಿಟ್ಟರು. ಇದು ಹೇಗಾಯಿತೆಂದು ಗೃಹಮಂತ್ರಿ ಸದನದಲ್ಲಿ ಹೇಳಲಿ ಎಂದು ಗದ್ದಲವೆಬ್ಬಿಸಿದ ಸದಸ್ಯರಲ್ಲಿ ಎರಡೂ ಸದನಗಳಿಂದ 146 ಮಂದಿಯನ್ನು ಅಮಾನತು ಮಾಡಿದರು. ಅವರು ಮೊದಲೇ ಕೊಟ್ಟಿದ್ದ ಪ್ರಶ್ನೆಗಳನ್ನೂ ಪಟ್ಟಿಯಿಂದ ಕಿತ್ತುಹಾಕಿದರು. ಸದಸ್ಯ ತಪ್ಪು ಮಾಡಿದ್ದರೆ ಹೊರಗೆ ನಿಲ್ಲಲಿ, ಅವನ ಕ್ಷೇತ್ರದ ಜನ ಮಾಡಿದ ತಪ್ಪೇನು?

ಇದು ಒಂದು ಪಕ್ಷದ ರೋಗವೆಂದು ಯಾರೂ ತಿಳಿಯಬೇಡಿ. ಕಾಂಗ್ರೆಸ್ ಆಳುತ್ತಿದ್ದ 1989ರ ಮಾರ್ಚ್‌ನಲ್ಲಿ ಒಂದೇ ದಿನ 63 ಮಂದಿಯನ್ನು ಲೋಕಸಭೆಯಿಂದ ಹೊರಹಾಕಿದ್ದರು. 2021ರ ಜುಲೈಯಲ್ಲಿ ಉದ್ಧವ್ ಠಾಕ್ರೆಯವರ ಸರಕಾರವಿದ್ದಾಗ ಮಹಾರಾಷ್ಟ್ರ ವಿಧಾನಸಭೆ 12 ಮಂದಿ ಭಾಜಪ ಶಾಸಕರನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತು, ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಅದನ್ನು ತಳ್ಳಿಹಾಕಬೇಕಾಯಿತು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸಿದ್ಧರಾಮಯ್ಯನವರ ಸರಕಾರವಿರುವಾಗ 18 ಮಂದಿ ಭಾಜಪ ಶಾಸಕರಿಗೆ ಆರು ತಿಂಗಳ ಅಮಾನತು. ಮೇ ತಿಂಗಳಲ್ಲಿ ಹಿಂತೆಗೆದರು. ಕುರ್ಚಿಯಲ್ಲಿ ಕೂತವನಿಗೆ ಪ್ರಶ್ನೆ ಬೇಡ, ಕುರ್ಚಿ ಹೋದವನಿಗೆ ಪ್ರಶ್ನೆಯ ನೆನಪಾಗುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಷ್ಟೆ.

ನಾವಿರುವ ರಾಜ್ಯದ ಸ್ಥಿತಿ ಇನ್ನೂ ವಿಚಿತ್ರ. 2024ರ ನವೆಂಬರ್ ಚುನಾವಣೆಯಲ್ಲಿ ವಿರೋಧ ಪಕ್ಷಗಳಲ್ಲಿ ಯಾವುದಕ್ಕೂ ಹತ್ತರಲ್ಲೊಂದು ಪಾಲು, ಎಂದರೆ 29 ಸ್ಥಾನ, ಬರಲಿಲ್ಲ. ಅತಿ ಹೆಚ್ಚು ಬಂದ ಪಕ್ಷಕ್ಕೆ 20. ಈ ಲೆಕ್ಕವನ್ನು ಮುಂದಿಟ್ಟುಕೊಂಡು ಅಧಿವೇಶನದ ಮೇಲೆ ಅಧಿವೇಶನ ವಿರೋಧ ಪಕ್ಷದ ನಾಯಕನ ಕುರ್ಚಿಯನ್ನು ಖಾಲಿ ಬಿಟ್ಟರು. ಲೋಕಸಭೆಯಲ್ಲೂ 2014ರಿಂದ 2024ರವರೆಗೆ ಹತ್ತು ವರ್ಷ ಆ ಕುರ್ಚಿ ಖಾಲಿಯೇ ಇತ್ತು.

ಪರದೇಶದಲ್ಲಿ ಇದಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಐರ್ಲೆಂಡನ್ನು ನೋಡಬಹುದು. ನಮ್ಮವರ ಮಕ್ಕಳು ನರ್ಸುಗಳಾಗಿ, ಕಂಪ್ಯೂಟರಿನವರಾಗಿ ಹೋಗಿ ನೆಲೆಸಿರುವ ದೇಶ. ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳನ್ನು ನಾವು ಎರವಲು ತಂದದ್ದೂ ಅಲ್ಲಿಂದಲೇ. ಅವರ ಕೆಳಮನೆಗೆ ಡಾಯಿಲ್ ಎಂದು ಹೆಸರು. ಸದನ ನಡೆಯುವ ವಾರಗಳಲ್ಲಿ ಎರಡು ದಿನ ಪ್ರಧಾನಿಯೇ ಬಂದು ವಿರೋಧ ಪಕ್ಷಗಳ ನಾಯಕರ ಪ್ರಶ್ನೆಗಳಿಗೆ ಎದುರಾಗಿ ನಿಲ್ಲಬೇಕು, ಇನ್ನೊಂದು ದಿನ ಉಪಪ್ರಧಾನಿ. ಮೇರಿ ಲೂ ಮೆಕ್‌ಡೊನಾಲ್ಡ್ ಎಂಬ ವಿರೋಧ ನಾಯಕಿ ಎದ್ದು ಮನೆ ಬಾಡಿಗೆ ಏಕೆ ಇಷ್ಟು ಏರಿತು, ಆಸ್ಪತ್ರೆಯಲ್ಲಿ ಮಂಚ ಏಕಿಲ್ಲ ಎಂದು ಕೇಳಿದರೆ ಕೆಲವೇ ನಿಮಿಷಗಳಲ್ಲಿ ಪ್ರಧಾನಿ ಉತ್ತರ ಹೇಳಬೇಕು, ಮತ್ತೆ ಉಪಪ್ರಶ್ನೆ. ನಮ್ಮ ಲೋಕಸಭೆಯಲ್ಲಿ ಪ್ರಧಾನಿಯ ಇಲಾಖೆಗಳ ಪ್ರಶ್ನೆ ಬುಧವಾರ ಬರುತ್ತದೆ, ಉತ್ತರಿಸಲು ಸಾಮಾನ್ಯವಾಗಿ ಕಿರಿಯ ಮಂತ್ರಿ ಏಳುತ್ತಾರೆ.

2025ರ ಜನವರಿ 22ರಂದು ಅಲ್ಲಿ ಹೊಸ ಪ್ರಧಾನಿಯಾಗಿ ಮೀಹಾಲ್ ಮಾರ್ಟಿನ್ ಅವರ ಆಯ್ಕೆ ನಡೆಯಬೇಕಾಗಿತ್ತು, ನಡೆಯಲಿಲ್ಲ. ಸರಕಾರಕ್ಕೆ ಬೆಂಬಲ ಕೊಟ್ಟ ಕೆಲವು ಪಕ್ಷೇತರರು, ವಿರೋಧ ಪಕ್ಷದವರಿಗೆ ಮೀಸಲಾದ ಪ್ರಶ್ನೆಯ ಸಮಯದಲ್ಲಿ ನಮಗೂ ಪಾಲು ಬೇಕೆಂದರು. ಒಂದು ಕೈಯಲ್ಲಿ ಸರಕಾರದ ತಟ್ಟೆ, ಇನ್ನೊಂದು ಕೈಯಲ್ಲಿ ವಿರೋಧ ಪಕ್ಷದ ಲೋಟ! ವಿರೋಧ ಪಕ್ಷದವರು ಒಪ್ಪಲಿಲ್ಲ, ಸದನ ಮುಂದೂಡಿತು, ಆಯ್ಕೆ ಮರುದಿನಕ್ಕೆ ಹೋಯಿತು. ಮಾರ್ಚ್‌ನಲ್ಲಿ ಸರಕಾರ ತನ್ನ ಬಹುಮತದಿಂದ ನಿಯಮವನ್ನೇ ತಿದ್ದಿಕೊಂಡಿತು, ಅಂದೂ ದೊಡ್ಡ ಗಲಾಟೆ. ಗಲಾಟೆ ಅಲ್ಲಿಯೂ ಆಗುತ್ತದೆ. ಆದರೆ ಅವರು ಗಲಾಟೆ ಮಾಡಿದ್ದು ಪ್ರಶ್ನೆ ಕೇಳುವ ನಿಮಿಷಗಳನ್ನು ಉಳಿಸಿಕೊಳ್ಳಲು. ನಮ್ಮವರು ಆ ನಿಮಿಷಗಳನ್ನೇ ಗಲಾಟೆಗೆ ಬಲಿ ಕೊಡುತ್ತಾರೆ.

ವಿರೋಧ ಪಕ್ಷದವರು ಪೂರಾ ಮಾಯವಾಗುವ ಇನ್ನೊಂದು ಸಂದರ್ಭವಿದೆ, ಅದು ನಮಗೆ ನೇರವಾಗಿ ತಟ್ಟುವಂಥದ್ದು. 2022ರ ಡಿಸೆಂಬರಿನ ಗಡಿ ಗಲಾಟೆಯನ್ನು ಯಾರೂ ಮರೆತಿರಲಾರರು. ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು, ಊರಿಗೆ ಹೊರಟಿದ್ದ ನಮ್ಮವರು ಟಿಕೇಟು ಹಿಡಿದುಕೊಂಡು ಕಂಗಾಲಾದರು. ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕರ್ನಾಟಕದ ಶಾಸನಸಭೆ ಒಂದಿಂಚೂ ಕೊಡುವುದಿಲ್ಲವೆಂದು ಸರ್ವಾನುಮತದಿಂದ ನಿರ್ಣಯಿಸಿತು. ಡಿಸೆಂಬರ್ 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ ಶಾಸನಸಭೆ 865 ಊರುಗಳು ಬೇಕೆಂದು ಸರ್ವಾನುಮತದಿಂದ ನಿರ್ಣಯಿಸಿತು. ಎರಡೂ ಕಡೆ ಸರ್ವಾನುಮತ! ವಿವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ನಿರ್ಣಯದಿಂದ ಒಂದು ಕಲ್ಲು ಕೂಡ ಈಚೆಯಿಂದ ಆಚೆಗೆ ಸರಿಯಲಾರದೆಂದು ಇಬ್ಬರಿಗೂ ಗೊತ್ತು. ಆದರೂ ವಿರೋಧ ಪಕ್ಷದವರು ಮಂತ್ರಿಗಳಿಗಿಂತ ಒಂದು ಸ್ವರ ಮೇಲೆಯೇ ಕೂಗಿದರು. ಆಚೆಯ ಕನ್ನಡಿಗ, ಈಚೆಯ ಮರಾಠಿಗ ಇಬ್ಬರಿಗೂ ಬೇಕಾಗಿದ್ದ ಪ್ರಶ್ನೆಗಳು ಯಾರ ಕಿಸೆಯಿಂದಲೂ ಹೊರಬರಲಿಲ್ಲ. ಜತ್ತ ತಾಲೂಕಿನ ಹಳ್ಳಿಗಳಿಗೆ ನೀರು ಯಾವ ತಿಂಗಳು ಬರುತ್ತದೆ? ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಮಾಸ್ತರರ ಎಷ್ಟು ಹುದ್ದೆ ಖಾಲಿ? ಬೆಳಗಾವಿಯ ಮರಾಠಿ ಶಾಲೆಯಲ್ಲಿ ಎಷ್ಟು? ಭಾಷಾಭಿಮಾನದ ವಿಷಯ ಬಂದಾಗ ಮಂತ್ರಿಗಳಿಗೆ ಆಗುವಷ್ಟು ಅನುಕೂಲ ಇನ್ನಾವಾಗಲೂ ಆಗದು, ಏಕೆಂದರೆ ಆ ದಿನ ಅವರನ್ನು ಯಾರೂ ಏನೂ ಕೇಳುವುದಿಲ್ಲ.

ಈಗ ಮನೆಯ ಅಂಗಳಕ್ಕೆ ಬರೋಣ. 2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಗೊಂಡಿತು. ಹನ್ನೆರಡು ಮಂದಿ ಸತ್ತರು, ದೂರದ ಕಟ್ಟಡಗಳ ಗಾಜುಗಳೆಲ್ಲ ಪುಡಿಯಾದವು. ಸಮಿತಿ ಕೂತಿತು. 2022ರ ಫೆಬ್ರವರಿಯಲ್ಲಿ 156 ಅಪಾಯಕಾರಿ ಕಾರ್ಖಾನೆಗಳನ್ನು ಪಾತಾಳಗಂಗೆಗೆ ಸ್ಥಳಾಂತರಿಸುವುದಾಗಿ ಸರಕಾರ ಘೋಷಿಸಿತು. ಘೋಷಣೆ ಪಾತಾಳ ಸೇರಿತು, ಕಾರ್ಖಾನೆಗಳು ಇದ್ದಲ್ಲೇ ಇದ್ದವು. 2024ರ ಮೇ 23ರಂದು ಅದೇ ಎಂಐಡಿಸಿಯಲ್ಲಿ ಮತ್ತೆ ಸ್ಫೋಟ, ಮತ್ತೆ ಹತ್ತಕ್ಕೂ ಮಿಕ್ಕಿ ಹೆಣಗಳು, ಮತ್ತೆ ಮಂತ್ರಿಗಳ ಭೇಟಿ, ಮತ್ತೆ ಸ್ಥಳಾಂತರದ ಮಾತು. ಎರಡು ಸ್ಫೋಟಗಳ ನಡುವಿನ ಎಂಟು ವರ್ಷಗಳಲ್ಲಿ ಮೂರು ಮುಖ್ಯಮಂತ್ರಿಗಳು ಆಳಿದರು. ಇಂದಿನ ವಿರೋಧ ಪಕ್ಷಗಳೂ ಅಂದು ಸರಕಾರದಲ್ಲಿದ್ದವು, ಇಂದಿನ ಸರಕಾರದವರೂ ಅಂದು ವಿರೋಧದಲ್ಲಿದ್ದರು. ಆದ್ದರಿಂದ ಬಾಯಿ ಬಿಡಲು ಯಾರಿಗೂ ಮುಖವಿಲ್ಲ.

ಶಾಸನಸಭೆಯಲ್ಲಿ ಇದಕ್ಕೊಂದು ಉಪಾಯವಿದೆ. ಮಂತ್ರಿ ಸದನದಲ್ಲಿ ‘ಪರಿಶೀಲಿಸುತ್ತೇವೆ’, ‘ಮಾಡಿಸುತ್ತೇವೆ’ ಎಂದರೆ ಅದು ಭರವಸೆಯಾಗಿ ದಾಖಲಾಗುತ್ತದೆ, ಅದನ್ನು ಬೆನ್ನು ಹತ್ತಲು ಸರಕಾರದ ಭರವಸೆಗಳ ಸಮಿತಿಯೆಂದೇ ಇದೆ. ಲೋಕಸಭೆಯಲ್ಲಿ ಈ ಸಮಿತಿ 1953ರಿಂದ ಇದೆ, ಮೂರು ತಿಂಗಳೊಳಗೆ ಭರವಸೆ ಈಡೇರಬೇಕು. ಸ್ಫೋಟದ ಸ್ಥಳದಲ್ಲಿ ಟಿ.ವಿ.ಯವರ ಮುಂದೆ ಮಂತ್ರಿ ಹೇಳಿದ ಮಾತಿಗೆ ಯಾವ ದಾಖಲೆಯೂ ಇಲ್ಲ. ಅದೇ ಮಾತನ್ನು ಸದನದಲ್ಲಿ ಪ್ರಶ್ನೆ ಕೇಳಿ ಅವರ ಬಾಯಿಂದ ಹೊರಡಿಸಿದರೆ ಅದು ಕಡತದಲ್ಲಿ ಕೂರುತ್ತದೆ.

ಇನ್ನು ಲೋಕಲ್. 2025ರ ಜೂನ್ 9ರ ಬೆಳಗ್ಗೆ ದಿವಾ-ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರು ಹಾದುಹೋದ ಎರಡು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದರು. ಅಂದೇ ನಾಲ್ವರು ಪ್ರಾಣ ಬಿಟ್ಟರು, ಅವರಲ್ಲಿ ಒಬ್ಬ ರೈಲ್ವೆ ಪೊಲೀಸ್ ಪೇದೆ. ಆ ಗಾಡಿಯಲ್ಲಿ ಆ ಹೊತ್ತಿಗೆ ಹೋಗುವವರು ನಾವು, ನಮ್ಮ ಮಕ್ಕಳು. ಸ್ವಯಂಚಾಲಿತ ಬಾಗಿಲಿನ ಮಾತು ಅದೇ ದಿನ ಬಂತು. ಬಾಗಿಲು ಮುಚ್ಚಿದರೆ ಒಳಗೆ ಹಿಡಿಯದೆ ಹೊರಗುಳಿದವರು ಯಾವ ಗಾಡಿಗೆ ಹೋಗಬೇಕು? ಥಾಣೆ-ದಿವಾ ನಡುವೆ ಐದನೆಯ ಆರನೆಯ ಹಳಿಗಳನ್ನು 2022ರ ಫೆಬ್ರವರಿ 18ರಂದು ಉದ್ಘಾಟಿಸಿದ ಮೇಲೆ ಕಲ್ಯಾಣದಿಂದ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಎಷ್ಟು ಗಾಡಿಗಳು ಹೆಚ್ಚಾದವು? ಇವು ಉಪಪ್ರಶ್ನೆಗಳು. ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾವು ದಿನವೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಮಂತ್ರಿಯ ಕಿವಿ ಪ್ಲಾಟ್‌ಫಾರ್ಮಿನಲ್ಲಿಲ್ಲ. 2024ರಲ್ಲಿ ಕಲ್ಯಾಣ, ಥಾಣೆ ಎರಡು ಕ್ಷೇತ್ರಗಳಿಂದಲೂ ಗೆದ್ದವರು ಆಳುವ ಕೂಟದವರು. ಅವರು ಕೇಳಬಾರದೆಂದು ನಿಯಮವಿಲ್ಲ, ಫಿರೋಜ್ ಗಾಂಧಿ ಕೇಳಿದ್ದರಲ್ಲ! ಅವರು ಕೇಳದಿದ್ದರೆ ಬೇರೆ ರಾಜ್ಯದ ಒಬ್ಬ ವಿರೋಧ ಸದಸ್ಯನೂ ಕೇಳಬಹುದು, ಉಡುಪಿ-ಮಂಗಳೂರು, ಕಲಬುರಗಿಗಳಿಂದ ಹೋದವರೂ ಕೇಳಬಹುದು.

ಕೊನೆಗೆ ನಮ್ಮದೇ ನಡತೆ. ರಾಜ್ಯೋತ್ಸವಕ್ಕೆ ಶಾಸಕರನ್ನು ಕರೆಯುತ್ತೇವೆ, ಅವರು ಒಂದೂವರೆ ಗಂಟೆ ತಡವಾಗಿ ಬರುತ್ತಾರೆ. ಶಾಲು, ಪೇಟ, ಹಾರ, ಸ್ಮರಣಿಕೆ. ‘ಕನ್ನಡಿಗರು ಹಾಲಿನಲ್ಲಿ ಸಕ್ಕರೆಯಂತೆ’ ಎಂದು ಅವರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಸಕ್ಕರೆ ಕರಗಿ ಹೋಗುತ್ತದೆಂಬ ಅರ್ಥ ಅದರಲ್ಲಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಕನ್ನಡ ಭವನಕ್ಕೊಂದು ಜಾಗ ಕೊಡಿಸಿ ಎಂಬ ಮನವಿ ಪತ್ರ ಕೊಡುತ್ತೇವೆ. ಮನವಿ ಪತ್ರವೆಂದರೆ ಬೇಡುವುದು, ಪ್ರಶ್ನೆಯೆಂದರೆ ಕೇಳುವುದು. ಬೇಡಿದವನಿಗೆ ಆಶ್ವಾಸನೆ ಸಿಗುತ್ತದೆ, ಕೇಳಿದವನಿಗೆ ಅಂಕಿಅಂಶ ಸಿಗುತ್ತದೆ. ಊರ ಕಡೆ ಪ್ರಶ್ನೆ ಇಡಿಸುವುದೆಂದರೆ ಜೋಯಿಸರ ಮನೆಗೆ ಹೋಗುವುದು. ಅದಕ್ಕಾಗಿ ರಜೆ ಹಾಕಿ, ದಕ್ಷಿಣೆ ಕಟ್ಟಿ, ಮೈಲಿಗಟ್ಟಲೆ ಹೋಗುವ ನಮಗೆ ಶಾಸಕರ ಕಚೇರಿಗೆ ನಾಲ್ಕು ಹೆಜ್ಜೆ ಭಾರವಾಗಬಾರದು.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಸೂಚನೆ ಇಷ್ಟು. ಸದ್ಯಕ್ಕೆ ಮೂರೇ ಪ್ರಶ್ನೆ ಬರೆಯೋಣ. 2022ರಲ್ಲಿ ಘೋಷಿಸಿದ 156 ಕಾರ್ಖಾನೆಗಳಲ್ಲಿ ಇಂದಿನವರೆಗೆ ಡೊಂಬಿವಲಿ ಬಿಟ್ಟು ಹೋದವು ಎಷ್ಟು, ಉಳಿದವುಗಳ ತಪಾಸಣೆ ಕೊನೆಯ ಸಲ ನಡೆದದ್ದು ಯಾವಾಗ? ಥಾಣೆ ಜಿಲ್ಲೆ, ಮುಂಬಯಿಗಳಲ್ಲಿ ಈಗ ನಡೆಯುತ್ತಿರುವ ಕನ್ನಡ ಮಾಧ್ಯಮ ಶಾಲೆಗಳೆಷ್ಟು, ಅವುಗಳಲ್ಲಿ ಖಾಲಿ ಹುದ್ದೆಗಳೆಷ್ಟು, ಬಾಲಭಾರತಿಯ ಕನ್ನಡ ಪುಸ್ತಕಗಳು ಶಾಲೆಗೆ ಮುಟ್ಟಿದ ದಿನಾಂಕ ಯಾವುದು? ಈ ಎರಡು ವಿಧಾನಸಭೆಗೆ. ಮೂರನೆಯದು ಲೋಕಸಭೆಗೆ, ಮುಂಬ್ರಾ ತಿರುವಿನದು. ಆಳುವವರಲ್ಲಿ ಒಬ್ಬರಿಗೆ, ವಿರೋಧದವರಲ್ಲಿ ಒಬ್ಬರಿಗೆ ಕೊಡೋಣ, ಯಾರ ಹೆಸರಿನಲ್ಲಿ ಬರುತ್ತದೋ ನೋಡೋಣ. ಲೋಕಸಭೆಗೆ ಹದಿನೈದು ದಿನಗಳ ನೋಟೀಸು ಬೇಕು, ವಿಧಾನಸಭೆಗೂ ವಾರಗಟ್ಟಲೆ ಮೊದಲೇ ಕೊಡಬೇಕು. ಆದ್ದರಿಂದ ಕಾಗದ ಮರಾಠಿಯಲ್ಲೇ ಬರೆದು, ಅಧಿವೇಶನಕ್ಕೆ ಒಂದು ತಿಂಗಳಿರುವಾಗಲೇ ಅವರ ಕಚೇರಿಗೆ ಮುಟ್ಟಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯೊಂದನ್ನು ಸಂಘದ ಕಡತದಲ್ಲಿಡಬೇಕು. ಉತ್ತರ ಬಂದರೆ ಈ ಪತ್ರಿಕೆಯಲ್ಲಿ ಅಚ್ಚಾಗಲಿ, ಬಾರದಿದ್ದರೆ ಮುಂದಿನ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಛಾಪಿಸುವ ಮೊದಲು ಆ ಕಡತವನ್ನೊಮ್ಮೆ ತೆರೆದು ನೋಡೋಣ.